ನೀರಿಲ್ಲದ ಕಾಸರಗೋಡನ್ನು ಬರೆಯುವುದು ಹೇಗೆ?

ಬದಿಯಡ್ಕದಿಂದ ಪ್ರಶ್ನೆ: 2070ರ ಕಾಸರಗೋಡಿನಲ್ಲಿ ನೀರು ಮುಗಿದಿದೆ ಎಂಬ ಕರಾಳ ಭವಿಷ್ಯದ ಕಾದಂಬರಿ ಬರೆಯುತ್ತಿದ್ದೇನೆ. ಮೂರು ಅಧ್ಯಾಯ ಓದಿದ ತಂಗಿ, ‘ಇದು ರಾಜಸ್ಥಾನ’ ಎಂದು ಕೈಗಿತ್ತಳು. ಇಂಥದ್ದನ್ನು ಬರೆದ ಅನುಭವವಿರುವವರು ಹೇಳಿ.

ಪೆರ್ಲದಿಂದ: ತಂಗಿ ಹೇಳಿದ್ದು ಸರಿ. ನನ್ನ ಮೊದಲ ಕರಡಿನಲ್ಲೂ ಬರೀ ಮರಳೇ ಇತ್ತು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾಗುವ ಊರು ನಮ್ಮದು. ಜೂನ್‌ನಲ್ಲಿ ಮಾಡು ಸೋರುತ್ತದೆ, ಏಪ್ರಿಲ್‌ನಲ್ಲಿ ಕೊಡ ಖಾಲಿ. ಮುರಕಲ್ಲಿನ ಗುಡ್ಡ ಕುಡಿದ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ.

ಕರಡು ಹರಿದು, ಅಜ್ಜನ ಮನೆಯ ಸುರಂಗದಿಂದ ಮತ್ತೆ ಶುರು ಮಾಡಿದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಆಳು ನುಗ್ಗುವಷ್ಟೇ ಅಗಲದ ದಾರಿ. ಅಗೆಯುವವರು ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಅದು ಆರಿದರೆ ಉಸಿರಾಡಲು ಗಾಳಿಯಿಲ್ಲವೆಂದು ಹೊರಗೆ ಬರುತ್ತಿದ್ದರು. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಮದಕಕ್ಕೆ, ಅಂದರೆ ಕೆರೆಗೆ, ಬೀಳುತ್ತಿತ್ತು. ಮೇಲಿನ ಜಾಗದವರು ಕೊಳವೆಬಾವಿ ಕೊರೆಸಿದರು. ನಾಲ್ಕನೆಯ ಬೇಸಗೆಗೆ ದಂಬೆಯ ಪಾಚಿ ಒಣಗಿ ಸಿಪ್ಪೆಯಂತೆ ಎದ್ದಿತು. ನನ್ನ ಕಥೆಯಲ್ಲಿ ಸರ್ವಾಧಿಕಾರಿ, ಸೈನ್ಯ ಯಾರೂ ಇಲ್ಲ. ಆ ನೆರೆಯವರಿದ್ದಾರೆ. ಒಳ್ಳೆಯವರು, ನನ್ನ ಮದುವೆಯಲ್ಲಿ ಪಾಯಸ ಬಡಿಸಿದವರು.

ಚೆಂಗಳದಿಂದ: ನೀರು ಇಲ್ಲವೆಂದೇ ಯಾಕೆ ಬರೆಯಬೇಕು? ಬರಲಿ, ಉಪ್ಪಾಗಿ ಬರಲಿ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಯ ಹರಿವು ತಗ್ಗಿ, ಕಡಲ ನೀರು ನಲ್ಲಿಗೆ ನೀರೆತ್ತುವ ಬಾವಿಕ್ಕೆರೆಯವರೆಗೂ ಏರಿ, ನಲ್ಲಿಯಲ್ಲಿ ಉಪ್ಪುನೀರು ಬಂದ ವರ್ಷಗಳನ್ನು ಕಂಡಿದ್ದೇವೆ. ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದೆವು.

ಮಂಜೇಶ್ವರದಿಂದ: ಆಡಳಿತದ ಭಾಗಕ್ಕೆ ಹೆಚ್ಚು ಕಲ್ಪನೆ ಬೇಕಾಗಿಲ್ಲ. 2016ರ ಬರದಲ್ಲಿ ಮಹಾರಾಷ್ಟ್ರದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ಹೋಯಿತು. ನೀರಿನ ಟ್ಯಾಂಕಿಗಳ ಬಳಿ ಜನ ಗುಂಪುಗೂಡದಂತೆ ನಿಷೇಧಾಜ್ಞೆಯಿತ್ತು. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು. ಬರೆಯುವ ಮುಂಚೆ ಒಂದು ದಿನ ಆ ಲೆಕ್ಕದಲ್ಲಿ ಇದ್ದು ನೋಡಿ. ನಾನು ಇದ್ದೆ. ಬಟ್ಟೆ ಒಗೆದದ್ದೇ ತಪ್ಪಾಯಿತು. ಸಂಜೆ ನಾಲ್ಕಕ್ಕೆ ಉಳಿದದ್ದು ಅರ್ಧ ಕೊಡಪಾನ. ಅಷ್ಟರಲ್ಲಿ ಮನೆಗೆ ನೆಂಟರು ಬಂದರು. ಬೆಲ್ಲ ತಂದಿಟ್ಟೆ. ಜೊತೆಗೆ ನೀರು ಕೊಡಲು ಕೈ ಬರಲಿಲ್ಲ.

ಬದಿಯಡ್ಕದಿಂದ: ಅಕ್ಕ, ಆ ಬೆಲ್ಲದ ತಟ್ಟೆಯನ್ನು ನನ್ನ ಕಥೆಗೆ ಕೊಡುತ್ತೀರಾ? ಮೂರು ಅಧ್ಯಾಯವನ್ನೂ ಅಳಿಸಿದ್ದೇನೆ.