ಸಿಗ್ನಲ್ ಫುಲ್ ಇದ್ದರೂ ವೈಫೈ ಯಾಕೆ ನಿಧಾನ?

ವೀಣಾ_ಬೆಂಗಳೂರು:
ನಮ್ಮದು ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ರಾತ್ರಿ ಎಂಟಾದ ಮೇಲೆ ಮಗಳ ಆನ್‌ಲೈನ್ ಸಂಗೀತ ಪಾಠ ತಡವರಿಸುತ್ತದೆ. ಟೀಚರ್ ಹಾಕುವ ತಾಳ ಒಂದು ಕಡೆ, ದನಿ ಇನ್ನೊಂದು ಕಡೆ. ಫೋನಿನಲ್ಲಿ ವೈಫೈ ಕಡ್ಡಿ ಫುಲ್ ಇರುತ್ತದೆ. ಅದೇ ಹೊತ್ತಿಗೆ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿದರೆ ಪೂರ್ತಿ 100 ಬರುತ್ತದೆ. ಹೊಸ ರೂಟರ್ ತರಬೇಕಾ?

ಸುಬ್ಬು77:
ವೈಫೈಯನ್ನು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಿಂದ (ರೇಡಿಯೋ ತರಂಗಗಳ ಪಟ್ಟಿ) 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿ. ನಮ್ಮ ಮನೇಲಿ ಅದರಿಂದಲೇ ಸರಿಹೋಯಿತು.

ಹಾಸ್ಟೆಲ್_ನೆಟ್‌ವರ್ಕ್:
ಹಾಸ್ಟೆಲ್‌ಗಳ ವೈಫೈ ನೋಡಿಕೊಳ್ಳುವುದೇ ನನ್ನ ಕೆಲಸ. ರೂಟರ್ ಈಗಲೇ ಕೊಳ್ಳಬೇಡಿ ಮೇಡಂ. ಕೇಬಲ್‌ನಲ್ಲಿ 100 ಬರುತ್ತಿದೆ ಅಂದರೆ ಲೈನ್ ಚೆನ್ನಾಗಿದೆ.

ಕಡ್ಡಿ ತೋರಿಸುವುದು ರೂಟರಿನ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಅಷ್ಟೇ. ಡೇಟಾ ಕಳಿಸಲು ಸರದಿ ಸಿಗುತ್ತಿದೆಯಾ ಅನ್ನುವುದು ಅದರಲ್ಲಿ ಕಾಣಲ್ಲ. ಒಂದು ಚಾನೆಲ್‌ನಲ್ಲಿ, ಅಂದರೆ ವೈಫೈ ಬಳಸುವ ಒಂದು ರೇಡಿಯೋ ದಾರಿಯಲ್ಲಿ, ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರೇ ಕಳಿಸಬೇಕು. ಅದಕ್ಕೆ ಫೋನು ಮೊದಲು ಕೇಳಿಸಿಕೊಳ್ಳುತ್ತದೆ. ಚಾನೆಲ್ ಖಾಲಿ ಅನ್ನಿಸಿದರೂ ತಕ್ಷಣ ಕಳಿಸುವುದಿಲ್ಲ. 0ಯಿಂದ 15ರೊಳಗೆ ಯಾವುದೋ ಒಂದು ಅಂಕಿ ಎತ್ತಿಕೊಂಡು, ಒಂದೊಂದಕ್ಕೆ 9 ಮೈಕ್ರೋಸೆಕೆಂಡಿನಂತೆ ಕಾಯುತ್ತದೆ. ಆಮೇಲೆ ಒಂದು ಫ್ರೇಮ್, ಅಂದರೆ ಡೇಟಾದ ಒಂದು ಕಂತು, ಕಳಿಸುತ್ತದೆ. ಸರಿಯಾಗಿ ಬಂತು ಅಂದರೆ ರೂಟರ್ ಕೂಡಲೇ ‘ತಲುಪಿತು’ ಅಂತ ಪುಟ್ಟ ಉತ್ತರ ಕೊಡುತ್ತದೆ. ಉತ್ತರ ಬರಲಿಲ್ಲವಾ, ಬೇರೆಯವರ ಫ್ರೇಮಿಗೆ ಡಿಕ್ಕಿ ಆಗಿರಬೇಕು ಅಂದುಕೊಂಡು ಫೋನು ಈ ಸಲ 0ಯಿಂದ 31ರೊಳಗೆ ಅಂಕಿ ಎತ್ತುತ್ತದೆ. ಹೀಗೆ ದುಪ್ಪಟ್ಟಾಗುತ್ತಾ 1023ರವರೆಗೂ ಹೋಗಬಹುದು. ಡಿಕ್ಕಿಯನ್ನು ಕಳಿಸುವಾಗಲೇ ಕಂಡುಹಿಡಿಯಲು ಆಗಲ್ಲ. ತನ್ನದೇ ಸಿಗ್ನಲ್ ಅಷ್ಟು ಜೋರಾಗಿರುವಾಗ ದೂರದವರದು ಕೇಳಿಸುವುದಿಲ್ಲ.

ರಾತ್ರಿ ಎಂಟಕ್ಕೆ ಇಡೀ ಕಟ್ಟಡ ಮನೆಯಲ್ಲಿರುತ್ತದೆ, ಅಲ್ವಾ? ಪಕ್ಕದ ಮನೆಯ ರೂಟರೂ ನಿಮ್ಮ ಚಾನೆಲ್‌ನಲ್ಲೇ ಇದ್ದರೆ ಪಾಸ್‌ವರ್ಡ್ ಬೇರೆ, ಬಿಲ್ ಬೇರೆ, ಸರದಿ ಮಾತ್ರ ಒಂದೇ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸಲ್ಲ. 1500 ಬೈಟ್ ಡೇಟಾ 54 ಎಂಬಿಪಿಎಸ್ ವೇಗದಲ್ಲಿ ಹೋಗಲು ಸುಮಾರು 0.22 ಮಿಲಿಸೆಕೆಂಡ್ ಸಾಕು. ದೂರದ ಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗದ ಹಳೇ ಫೋನು 6 ಎಂಬಿಪಿಎಸ್‌ಗೆ ಇಳಿದಿದ್ದರೆ ಅದೇ ಡೇಟಾಗೆ 2 ಮಿಲಿಸೆಕೆಂಡ್ ಬೇಕು. ಅದು ಮುಗಿಸುವವರೆಗೆ ಉಳಿದವರೆಲ್ಲ ಕಾಯಬೇಕು. ದನಿಯ ಪ್ಯಾಕೆಟ್ ಚಿಕ್ಕದೇ, ಆದರೆ ಸಮಯಕ್ಕೆ ಬರದಿದ್ದರೆ ತಾಳ ತಪ್ಪುತ್ತದೆ.

ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಅಕ್ಕಪಕ್ಕದವರು ಯಾವ ಚಾನೆಲ್‌ನಲ್ಲಿದ್ದಾರೆ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ, ಅವುಗಳಲ್ಲೇ ಒಂದನ್ನು ಆರಿಸಿ. ಖಾಲಿ ಇದೆ ಅಂತ 3 ಅಥವಾ 4 ಹಾಕಬೇಡಿ. ಆಗ ಎರಡೂ ಕಡೆಯವರ ಸಿಗ್ನಲ್ ಬರೀ ಗದ್ದಲವಾಗಿ ನುಗ್ಗುತ್ತದೆ. ರೂಟರಿನಲ್ಲಿ ಚಾನೆಲ್‌ನ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ.

ವೀಣಾ_ಬೆಂಗಳೂರು:
ನೋಡಿದೆ ಸರ್. ನಮ್ಮದೂ ಸೇರಿ ಹೆಚ್ಚಿನವು 6ರಲ್ಲೇ ಇವೆ! 11ಕ್ಕೆ ಹಾಕಿದ್ದೇನೆ, ಅಲ್ಲಿ ಒಂದೇ ಒಂದು ಕಾಣಿಸುತ್ತಿದೆ. 5 ಗಿಗಾಹರ್ಟ್ಸ್ ಹಾಲ್‌ನಲ್ಲಿ ಚೆನ್ನಾಗಿದೆ, ಮಗಳ ಕೋಣೆಗೆ ಬರುವಷ್ಟರಲ್ಲಿ ಹೋಗುತ್ತದೆ. ಮಧ್ಯೆ ಎರಡು ಗೋಡೆ.

ಸುಬ್ಬು77:
ರೂಟರ್ ಎಲ್ಲಿಟ್ಟಿದ್ದೀರಿ? ಟಿವಿ ಹಿಂದೆ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ.

ವೀಣಾ_ಬೆಂಗಳೂರು:
ಅಲ್ಲೇ ಇದೆ 🙂

ಹಾಸ್ಟೆಲ್_ನೆಟ್‌ವರ್ಕ್:
ಸುಬ್ಬು ಅವರು ಸರಿಯಾಗಿ ಹೇಳಿದರು. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ದುರ್ಬಲ, ಅದಕ್ಕೇ ಪಕ್ಕದ ಮನೆಯವರ ಕಾಟವೂ ಅದರಲ್ಲಿ ಕಡಿಮೆ. ರೂಟರನ್ನು ಕೋಣೆಗಳ ನಡುವಿನ ಪ್ಯಾಸೇಜಿನಲ್ಲಿ, ಎತ್ತರದಲ್ಲಿ ಇಡಿ. ಟಿವಿಗೆ ವೈಫೈ ತೆಗೆದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ. ಟಿವಿ ಎಲ್ಲಿಗೂ ಓಡಾಡುವ ಸಾಮಾನಲ್ಲ, ಸುಮ್ನೆ ಸರದಿ ತಿನ್ನುತ್ತಿದೆ. 100 ಮೀಟರ್‌ವರೆಗೆ ಕೇಬಲ್ ತೊಂದರೆ ಕೊಡಲ್ಲ, ಮನೆಯೊಳಗೆ ಧಾರಾಳವಾಗಿ ಸಾಕು.