ಸಹಾಯ ಬೇಕು: ಆದಾ ಮರಿಯಾ ಇಸಾಸಿ-ದಿಯಾಸ್ ಅವರ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಎಂ.ಎ. ಕಿರುಪ್ರಬಂಧಕ್ಕೆ ಕ್ಯಾಥೊಲಿಕ್ ಸ್ತ್ರೀವಾದಿ ಚಿಂತಕಿ ಆದಾ ಮರಿಯಾ ಇಸಾಸಿ-ದಿಯಾಸ್ (1943–2012) ಅವರನ್ನು ಆರಿಸಿಕೊಂಡಿದ್ದೇನೆ. ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ. ಕ್ರಾಂತಿಯ ನಂತರ ಅಮೆರಿಕ ಸೇರಿದರು. ಉರ್ಸುಲಿನ್ ಎಂಬ ಕ್ಯಾಥೊಲಿಕ್ ಸಭೆಯ ಕನ್ಯಾಸ್ತ್ರೀಯಾಗಿ ಪೆರುವಿನ ಲಿಮಾದ ಬಡವರ ನಡುವೆ ದುಡಿದು, ಮುಂದೆ ಮಠ ಬಿಟ್ಟು ಹೆಂಗಸರಿಗೂ ಪಾದ್ರಿಗಳಾಗುವ ದೀಕ್ಷೆ ಸಿಗಬೇಕೆಂದು ಹೋರಾಡಿದರು. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಪಿಎಚ್.ಡಿ. ಮುಗಿಸಿ, 1991ರಿಂದ 2009ರವರೆಗೆ ನ್ಯೂಜೆರ್ಸಿಯ ಡ್ರ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಕ್ಯಾಥೊಲಿಕ್ ಆದ ಅವರು ಪಾಠ ಮಾಡಿದ್ದು ಪ್ರಾಟೆಸ್ಟಂಟ್ ಪಂಗಡವಾದ ಮೆಥೊಡಿಸ್ಟರು ಕಟ್ಟಿದ ಸಂಸ್ಥೆಯಲ್ಲಿ ಅನ್ನೋದು ನನಗಂತೂ ಬಹಳ ಸ್ವಾರಸ್ಯ ಅನಿಸಿತು!

ಸಾಮಾನ್ಯ ಲ್ಯಾಟಿನಾ (ಅಮೆರಿಕದಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದ) ಹೆಂಗಸರನ್ನು ಮಾತಾಡಿಸಿ, ಅವರ ದಿನನಿತ್ಯದ ಬದುಕನ್ನೇ ಧರ್ಮಚಿಂತನೆಯ ಮೂಲವಾಗಿಸಿದ್ದು ಅವರ ದೊಡ್ಡ ಕೆಲಸ. ನನ್ನ ಪ್ರಬಂಧವೆಲ್ಲ ಅದರ ಮೇಲೇ ನಿಂತಿದೆ. ಹಾಗಾಗಿ 1993ರ ‘ಎನ್ ಲಾ ಲೂಚಾ’, 1996ರ ‘ಮುಹೆರಿಸ್ತಾ ಥಿಯಾಲಜಿ’ ಎರಡೂ ಬೇಕು. ಹೊಸದನ್ನು ತರಿಸೋಣ ಅಂದರೆ ಬೆಲೆ ಕೈಗೆಟುಕುತ್ತಿಲ್ಲ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅಥವಾ ಧರ್ಮಾರಾಮ್ ಲೈಬ್ರರಿ ಬಳಸಿದವರು ಯಾರಾದರೂ ಇದ್ದೀರಾ? ಹೊರಗಿನವರನ್ನು ಒಳಗೆ ಬಿಡುತ್ತಾರಾ, ಕಾಲೇಜಿನ ಪತ್ರ ಬೇಕಾ? ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರು ಹಳೇ ಪ್ರತಿ ಕಂಡರೆ ದಯವಿಟ್ಟು ತಿಳಿಸಿ, ಅಂಚೆ ಖರ್ಚು ನನ್ನದು. ಇಸಾಸಿ-ದಿಯಾಸ್ ಅವರ ತರಗತಿಯಲ್ಲಿ ಕೂತವರು ಸಿಕ್ಕರಂತೂ ಮಾತಾಡಲೇಬೇಕು. ಇನ್‌ಬಾಕ್ಸ್‌ಗೆ ಬನ್ನಿ.