ಬಲೇನೊ ಸ್ಮಾರ್ಟ್ ಹೈಬ್ರಿಡ್: ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತಿಲ್ಲ, ಮೈಲೇಜ್ ಕೂಡ ಇಳಿದಿದೆ

ತುಂಗಾತೀರ, ಬೆಂಗಳೂರು

ನಮಸ್ಕಾರ. ನನ್ನದು 2020ರ ಬಲೇನೊ ಝೀಟಾ. 1.2 ಡ್ಯುಯಲ್‌ಜೆಟ್ ಸ್ಮಾರ್ಟ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿಗೆ ಸಣ್ಣ ಮೋಟರಿನ ಸಹಾಯ ಇರುವುದು), ಮ್ಯಾನುಯಲ್ ಗೇರ್. ದಿನಾ ವಿಜಯನಗರದಿಂದ ಬೆಳ್ಳಂದೂರಿಗೆ ಹೋಗಿ ಬರುತ್ತೇನೆ, ಹೆಚ್ಚುಕಡಿಮೆ 40 ಕಿ.ಮೀ. ಆಗಾಗ ಊರಿಗೆ, ಅಂದರೆ ಶಿವಮೊಗ್ಗಕ್ಕೆ.

ಮೊದಲೆಲ್ಲ ಸಿಟಿಯಲ್ಲಿ ಲೀಟರಿಗೆ 15-16 ಕಿ.ಮೀ. ಬರುತ್ತಿತ್ತು. ಊರಿನ ದಾರಿಯಲ್ಲಿ 21-22. ಈಗ ಸಿಟಿಯಲ್ಲಿ 13 ಬಂದರೆ ಹೆಚ್ಚು. ಹೈವೇಯಲ್ಲಿ 20ರ ಆಸುಪಾಸು. ಇದು ಎಮ್‌ಐಡಿ (ಡ್ಯಾಶ್‌ಬೋರ್ಡಿನ ಮಾಹಿತಿ ಪರದೆ) ತೋರಿಸುವ ಲೆಕ್ಕ ಅಲ್ಲ. ಒಂದೇ ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಬರೆದಿಟ್ಟುಕೊಂಡದ್ದು.

ಇನ್ನೊಂದು ಸಂಗತಿ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವುದು ತುಂಬಾ ಅಪರೂಪವಾಗಿದೆ. ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಪೂರ್ತಿ ಬಿಡುತ್ತೇನೆ, ಸೀಟ್ ಬೆಲ್ಟ್ ಇರುತ್ತದೆ. ಆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಯಾವ ವಾರ್ನಿಂಗ್ ಲೈಟೂ ಇಲ್ಲ. ಸರ್ವಿಸ್‌ಗೆ ಬಿಟ್ಟಲ್ಲಿ ಸ್ಕ್ಯಾನರ್ ಹಾಕಿ ನೋಡಿದರು, ದೋಷ ತೋರಿಸುವ ಕೋಡ್ ಬರಲಿಲ್ಲ. "ಟ್ರಾಫಿಕ್ ಜಾಸ್ತಿ ಅಲ್ವಾ ಮೇಡಂ, ಅದಕ್ಕೇ" ಅಂದರು. ಈ ವರ್ಷ ನಾಲ್ಕೂ ಟೈರ್ ಹೊಸದು ಹಾಕಿಸಿದ್ದೇನೆ, ಅದೂ ಕಾರಣ ಇರಬಹುದಾ?

ನನ್ನ ಭಯ ಇಷ್ಟೇ: ಸೀಟಿನ ಕೆಳಗಿನ ಲಿಥಿಯಂ ಬ್ಯಾಟರಿ ಹೋಗಿದೆಯಾ?

ಕರಾವಳಿ ಸವಾರಿ, ಮಂಗಳೂರು

ನನ್ನ ಹತ್ತಿರ 2019ರ ಗ್ಲಾಂಝಾ ಜಿ ಇದೆ. ಎಂಜಿನ್ನೂ ಹೈಬ್ರಿಡ್ ವ್ಯವಸ್ಥೆಯೂ ನಿಮ್ಮದೇ. ಇಲ್ಲಿಯ ಸೆಕೆಯಲ್ಲಿ ಮಧ್ಯಾಹ್ನ ಎಸಿ ಜೋರಾಗಿ ಹಾಕಿದರೆ ನನ್ನದೂ ಆಫ್ ಆಗುವುದಿಲ್ಲ. ಒಳಗೆ ತಂಪಾಗುವ ತನಕ ಎಂಜಿನ್ ನಿಲ್ಲಿಸಲು ಅದು ಒಪ್ಪುವುದೇ ಇಲ್ಲ. ಬೆಳಿಗ್ಗೆ ಎಸಿ ಇಲ್ಲದೆ ನೋಡಿದ್ದೀರಾ?

ತುಂಗಾತೀರ, ಬೆಂಗಳೂರು

ನೋಡಿದ್ದೇನೆ ಸರ್. ಎಸಿ ಇಲ್ಲದಿದ್ದರೂ ಅದೇ ಕಥೆ.

ಐದನೇ ಗೇರ್, ಹಾಸನ

ಮೇಡಂ, ನೀವು ಸಿಟಿ ಮತ್ತು ಹೈವೇ ಲೆಕ್ಕವನ್ನು ಬೇರೆ ಬೇರೆ ಕೊಟ್ಟದ್ದು ಬಹಳ ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಹೈವೇ. 21.5ರಿಂದ 20 ಅಂದರೆ ಸುಮಾರು 6-7 ಶೇಕಡಾ ಇಳಿಕೆ. ಹೈವೇಯಲ್ಲಿ ಎಂಜಿನ್ ಆಫ್ ಆಗುವ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಇದಕ್ಕೂ ನಿಮ್ಮ ಸಿಗ್ನಲ್ ಸಮಸ್ಯೆಗೂ ಸಂಬಂಧ ಇಲ್ಲ. ಇದರಲ್ಲಿ ದೊಡ್ಡ ಪಾಲು ಪೆಟ್ರೋಲಿನದು. ನಮ್ಮ ದೇಶ 2022ರಲ್ಲಿ ಪೆಟ್ರೋಲಿಗೆ 10 ಶೇಕಡಾ ಎಥನಾಲ್ ಬೆರೆಸುವ (ಇ10) ಗುರಿ ಮುಟ್ಟಿತು, 2025ರಲ್ಲಿ 20 (ಇ20). ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ ಇರುತ್ತದೆ. ಆದ್ದರಿಂದ ಇ10ರಿಂದ ಇ20ಕ್ಕೆ ಬಂದರೆ ಪ್ರತಿ ಲೀಟರಿನಲ್ಲಿ ಸಿಗುವ ಶಕ್ತಿ 3.5 ಶೇಕಡಾ ಕಡಿಮೆ. 2020ರ ಎಂಜಿನ್ ಇ20ಗೆ ಅಂತ ಟ್ಯೂನ್ ಆದದ್ದಲ್ಲ, ಹಾಗಾಗಿ ಇಷ್ಟು ಇಳಿಯುವುದು ಸಹಜ.

ಉಳಿದದ್ದು ಟೈರ್. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಆದರೆ ಹಾಕಲೇಬೇಕು. ಝೀಟಾಕ್ಕೆ 195/55 ಆರ್16 ಟೈರ್, ವ್ಯಾಸ ಸುಮಾರು 621 ಮಿ.ಮೀ. ಹೊಸ ಟೈರಿನ ಮೇಲಿನ ಗೀರುಗಳ (ಟ್ರೆಡ್) ಆಳ 8 ಮಿ.ಮೀ. ಇದ್ದು ಹಳೆಯದು 2ಕ್ಕೆ ಸವೆದಿದ್ದರೆ, ವ್ಯಾಸದಲ್ಲಿ 12 ಮಿ.ಮೀ. ವ್ಯತ್ಯಾಸ. ಅಂದರೆ 2 ಶೇಕಡಾ. ಓಡೊಮೀಟರ್ ಎಣಿಸುವುದು ಚಕ್ರದ ಸುತ್ತನ್ನು, ರಸ್ತೆಯನ್ನಲ್ಲ. ಹೊಸ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೇ ಲೆಕ್ಕವನ್ನೇ ತೋರಿಸುತ್ತದೆ. ನಿಮ್ಮ ಮೈಲೇಜಿನಲ್ಲಿ ಇಳಿದಂತೆ ಕಾಣುವ 2 ಶೇಕಡಾ ನಿಜವಾಗಿ ಇಳಿದೇ ಇಲ್ಲ. ಜೊತೆಗೆ ಹೊಸ ರಬ್ಬರ್ ಸವೆದ ರಬ್ಬರಿಗಿಂತ ಸ್ವಲ್ಪ ಭಾರವಾಗಿ ಉರುಳುತ್ತದೆ. ಅಲ್ಲಿಗೆ ಹೈವೇ ಲೆಕ್ಕ ಮುಗಿಯಿತು. ಗಾಡಿ ಚೆನ್ನಾಗಿದೆ.

ಈಗ ಸಿಟಿ. 15.5ರಿಂದ 13 ಅಂದರೆ 16 ಶೇಕಡಾ. ಪೆಟ್ರೋಲ್ ಮತ್ತು ಟೈರಿನ 5-6 ಶೇಕಡಾ ಕಳೆದರೆ 14.6 ಬರಬೇಕಿತ್ತು. ನಿಮ್ಮ 40 ಕಿ.ಮೀ.ಗೆ 14.6ರಲ್ಲಿ 2.74 ಲೀಟರ್ ಬೇಕು, 13ರಲ್ಲಿ 3.08 ಲೀಟರ್. ದಿನಕ್ಕೆ ಮೂರನೇ ಒಂದು ಲೀಟರ್ ಎಲ್ಲೋ ಹೋಗುತ್ತಿದೆ. ಈ ಗಾತ್ರದ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ 0.6ರಿಂದ 0.8 ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ದಿನಕ್ಕೆ ಅರ್ಧ ಗಂಟೆಯಷ್ಟು ಸುಮ್ನೆ ನಿಂತು ಓಡುವುದಕ್ಕೆ ಆಗುವ ಖರ್ಚು. ವಿಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರುವವರು ಅಷ್ಟು ಹೊತ್ತು ಸಿಗ್ನಲ್‌ನಲ್ಲಿ ನಿಂತೇ ನಿಲ್ಲುತ್ತಾರೆ. ಇದು ಪೂರ್ತಿ ಐಡಲ್ ಸ್ಟಾಪ್ (ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವುದು) ಕೆಲಸ ಮಾಡದೆ ಇರುವುದರ ನಷ್ಟ.

ಕೋಡ್ ಯಾಕೆ ಬರಲಿಲ್ಲ? ಯಾಕೆಂದರೆ ವ್ಯವಸ್ಥೆ ಕೆಟ್ಟಿಲ್ಲ. ಎಂಜಿನ್ ಆಫ್ ಮಾಡಿದರೆ ಲೈಟು, ಬ್ಲೋವರ್, ಸ್ಟೀರಿಯೋ ಎಲ್ಲ ಬ್ಯಾಟರಿ ಮೇಲೆ ಬೀಳುತ್ತವೆ. ಬ್ಯಾಟರಿ ಬಲ ಸಾಲದು ಅಂತ ಅನಿಸಿದರೆ ಅದು ಎಂಜಿನ್ ಆಫ್ ಮಾಡದೆ ಬಿಡುತ್ತದೆ, ಅಷ್ಟೇ.

ನಿಮ್ಮ ಗಾಡಿಯಲ್ಲಿ ಎರಡು ಬ್ಯಾಟರಿ ಇವೆ, ಎರಡೂ 12 ವೋಲ್ಟ್. ಬಾನೆಟ್ ಒಳಗೆ ಮಾಮೂಲಿ ಲೆಡ್ ಆಸಿಡ್, ಮುಂದಿನ ಪ್ಯಾಸೆಂಜರ್ ಸೀಟಿನ ಕೆಳಗೆ ಲಿಥಿಯಂ. ನನ್ನ ಅನುಮಾನ ಲೆಡ್ ಆಸಿಡ್ ಮೇಲೆ. ಮೂಲ ಬ್ಯಾಟರಿಯೇ ಇನ್ನೂ ಇದ್ದರೆ ಅದರ ಆಯಸ್ಸು ಮುಗಿದಿದೆ. ಲಿಥಿಯಂ ನೋಡುವುದು ಸುಲಭ. ಎಮ್‌ಐಡಿಯಲ್ಲಿ ಎನರ್ಜಿ ಫ್ಲೋ ಪರದೆ ಹಾಕಿಕೊಳ್ಳಿ. ಖಾಲಿ ರಸ್ತೆಯಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬಾಣ ಬ್ಯಾಟರಿ ಕಡೆ ಹೋಗಿ ಕಡ್ಡಿಗಳು ಏರಿದರೆ, ಮತ್ತೆ ಎರಡನೇ ಗೇರ್‌ನಲ್ಲಿ ಎಳೆಯುವಾಗ ಅಸಿಸ್ಟ್ (ಮೋಟರಿನ ಸಹಾಯ) ಬಂದರೆ, ಲಿಥಿಯಂ ಆರೋಗ್ಯವಾಗಿದೆ.

ಇನ್ನೊಂದು ಪ್ರಶ್ನೆ. ಡ್ಯಾಶ್‌ಕ್ಯಾಮ್ ಇದೆಯಾ? ರಾತ್ರಿ ಪಾರ್ಕಿಂಗ್ ಮೋಡ್‌ನಲ್ಲಿ ಓಡುತ್ತದೆಯಾ? ಅದೂ ಬ್ಯಾಟರಿ ಖಾಲಿ ಮಾಡುತ್ತದೆ.

ಹಳೇ ಕಾರ್ಬುರೇಟರ್, ತುಮಕೂರು

ಇಷ್ಟೆಲ್ಲ ಯಾಕೆ? ಐಡಲ್ ಸ್ಟಾಪ್ ಆಫ್ ಬಟನ್ ಒತ್ತಿಬಿಡಿ. ಪದೇ ಪದೇ ಸ್ಟಾರ್ಟ್ ಆದರೆ ಸ್ಟಾರ್ಟರ್ ಮೋಟರ್ ಸವೆಯುತ್ತದೆ. ಉಳಿಯುವ ಪೆಟ್ರೋಲಿಗಿಂತ ರಿಪೇರಿ ಖರ್ಚೇ ಜಾಸ್ತಿ.

ಐದನೇ ಗೇರ್, ಹಾಸನ

ಸರ್, ಮಾಮೂಲಿ ಗಾಡಿಗೆ ಈ ಮಾತು ಒಪ್ಪಬಹುದು. ಇದರಲ್ಲಿ ಹಾಗಲ್ಲ. ಬೆಳಿಗ್ಗೆ ಕೀಲಿಯಿಂದ ಮೊದಲ ಸಲ ಸ್ಟಾರ್ಟ್ ಮಾಡುವಾಗ ಮಾತ್ರ ಸ್ಟಾರ್ಟರ್ ಮೋಟರ್ ಕೆಲಸ ಮಾಡುತ್ತದೆ. ಸಿಗ್ನಲ್‌ನಲ್ಲಿ ಮತ್ತೆ ಸ್ಟಾರ್ಟ್ ಮಾಡುವುದು ಐಎಸ್‌ಜಿ, ಅಂದರೆ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಆಗಿರುವ ಮೋಟರ್. ಅದು ಆಲ್ಟರ್ನೇಟರ್ ಜಾಗದಲ್ಲಿ ಕೂತು ಬೆಲ್ಟ್ ಮೂಲಕ ಎಂಜಿನ್ ತಿರುಗಿಸುತ್ತದೆ. ಹಲ್ಲಿಗೆ ಹಲ್ಲು ಕೂರುವ ಪ್ರಶ್ನೆ ಇಲ್ಲ, ಅದಕ್ಕೇ ಕರಕರ ಸದ್ದೂ ಇಲ್ಲ. ಗಮನ ಕೊಡಬೇಕಾದದ್ದು ಆ ಬೆಲ್ಟ್‌ಗೆ. ಸರ್ವಿಸ್ ವೇಳೆ ಬಿರುಕು, ಬಿಗಿ ಎರಡನ್ನೂ ನೋಡಿಸಬೇಕು.

ಆಫ್ ಬಟನ್ನಿಗೂ ಜಾಗ ಇದೆ. ಐದು ಸೆಕೆಂಡು ನಿಂತು ಹತ್ತು ಅಡಿ ಮುಂದೆ ಹೋಗುವ ಟ್ರಾಫಿಕ್‌ನಲ್ಲಿ ಆಫ್ ಆನ್ ಆಗುವುದರಿಂದ ಏನೂ ಉಳಿಯುವುದಿಲ್ಲ. ಆದರೆ ಮ್ಯಾನುಯಲ್ ಗಾಡಿಯಲ್ಲಿ ಅದಕ್ಕೆ ಬಟನ್ನೂ ಬೇಕಿಲ್ಲ, ಕ್ಲಚ್ ಒತ್ತಿ ಹಿಡಿದಿದ್ದರೆ ಎಂಜಿನ್ ಓಡುತ್ತಲೇ ಇರುತ್ತದೆ. ಸಿಗ್ನಲ್ ಕೌಂಟರ್‌ನಲ್ಲಿ 60 ಸೆಕೆಂಡು ಅಂತ ಕಂಡರೆ ನ್ಯೂಟ್ರಲ್ ಮಾಡಿ ಕ್ಲಚ್ ಬಿಡಿ.

ತುಂಗಾತೀರ, ಬೆಂಗಳೂರು

ಸರ್, ಲೆಕ್ಕ ಓದಿ ಮನಸ್ಸು ಹಗುರಾಯಿತು. ಬ್ಯಾಟರಿ ಗಾಡಿಯ ಜೊತೆ ಬಂದದ್ದೇ, ಬದಲಿಸಿಲ್ಲ. ಡ್ಯಾಶ್‌ಕ್ಯಾಮ್ ಇದೆ, ರಾತ್ರಿಯೂ ಆನ್ ಇರುತ್ತದೆ. ಎನರ್ಜಿ ಫ್ಲೋ ನೋಡಿದೆ, ಕಾಲು ತೆಗೆದ ತಕ್ಷಣ ಕಡ್ಡಿ ಏರುತ್ತದೆ, ಎಳೆಯುವಾಗ ಅಸಿಸ್ಟ್ ಕೂಡ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ತಮ್ಮನ ಮಲ್ಟಿಮೀಟರ್‌ನಲ್ಲಿ ಅಳೆದರೆ 12.2 ವೋಲ್ಟ್.

ಬ್ಯಾಟರಿ ಅಂಗಡಿ, ಹುಬ್ಬಳ್ಳಿ

ಮೇಡಂ, 12.2 ಅಂದರೆ ಅರ್ಧ ಖಾಲಿ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6ರ ಹತ್ತಿರ ಇರಬೇಕು. ವೋಲ್ಟ್ ಒಂದನ್ನೇ ನಂಬಬೇಡಿ, ಅಂಗಡಿಯಲ್ಲಿ ಲೋಡ್ ಟೆಸ್ಟ್ (ಕರೆಂಟು ಎಳೆದು ಬ್ಯಾಟರಿ ಬಲ ನೋಡುವುದು) ಮಾಡಿಸಿ. ಗಾಡಿ ಸ್ಟಾರ್ಟ್ ಆಗುವಷ್ಟು ಬಲ ಇದ್ದೂ ಐಡಲ್ ಸ್ಟಾಪ್‌ಗೆ ಸಾಲದ ಬ್ಯಾಟರಿಗಳನ್ನು ನಾವು ದಿನಾ ನೋಡುತ್ತೇವೆ.

ಬದಲಿಸುವಾಗ ಮ್ಯಾನುಯಲ್‌ನಲ್ಲಿ ಹೇಳಿದ ಟೈಪನ್ನೇ ಹಾಕಿಸಿ. ಸಾವಿರ ರೂಪಾಯಿ ಉಳಿಯುತ್ತದೆ ಅಂತ ಸಾದಾ ಬ್ಯಾಟರಿ ಹಾಕಿಸಿದರೆ ಇದೇ ತೊಂದರೆ ಬೇಗ ವಾಪಸ್ ಬರುತ್ತದೆ. ಡ್ಯಾಶ್‌ಕ್ಯಾಮಿನ ವೈರನ್ನು ನೇರವಾಗಿ ಬ್ಯಾಟರಿ ಟರ್ಮಿನಲ್‌ಗೆ ಕಟ್ಟಿಸಬೇಡಿ. ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇರುವ ಗಾಡಿಯಲ್ಲಿ ಹಾಗೆ ಎಳೆದ ಕರೆಂಟು ಲೆಕ್ಕಕ್ಕೇ ಸಿಗುವುದಿಲ್ಲ. ಹೊಸದು ಹಾಕಿದ ಮೇಲೆ ಸ್ವಲ್ಪ ಕಾಲ ಐಡಲ್ ಸ್ಟಾಪ್ ಬರದಿದ್ದರೆ ಗಾಬರಿ ಬೇಡ. ಗಾಡಿ ಬ್ಯಾಟರಿಯ ಸ್ಥಿತಿ ತಿಳಿದುಕೊಳ್ಳಲು ಸಮಯ ತಗೊಳ್ಳುತ್ತದೆ.

ಲೆಸ್ಟರ್ ಕನ್ನಡಿಗ, ಇಂಗ್ಲೆಂಡ್

ನಾನು ಇಲ್ಲಿ ಹೊಸ ಸ್ವಿಫ್ಟ್ ಓಡಿಸುತ್ತೇನೆ. ಮೂರು ಸಿಲಿಂಡರ್ 1.2, ಇದೂ 12 ವೋಲ್ಟ್ ಮೈಲ್ಡ್ ಹೈಬ್ರಿಡ್, ಮ್ಯಾನುಯಲ್. ಇಲ್ಲಿ ಮಾಮೂಲಿ ಪೆಟ್ರೋಲ್ 2021ರಿಂದ ಇ10. ಬೇಸಿಗೆಯಲ್ಲಿ ನಮ್ಮ ಲೆಕ್ಕದಲ್ಲಿ 21 ಸಿಗುತ್ತದೆ. ಚಳಿಗಾಲದಲ್ಲಿ ಮೂರ್ನಾಲ್ಕು ಕಿ.ಮೀ. ಇಳಿಯುತ್ತದೆ, ಏಕೆಂದರೆ ತಣ್ಣಗಿರುವ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಬಿಸಿಯಾಗುವ ತನಕ ಐಡಲ್ ಸ್ಟಾಪ್ ಕೂಡ ಬರುವುದಿಲ್ಲ. ಮನೆಯಿಂದ ಕೆಲಸಕ್ಕೆ ಹತ್ತಿರ ಇರುವವರ ಗಾಡಿ ಬಿಸಿಯಾಗುವಷ್ಟರಲ್ಲಿ ಆಫೀಸೇ ಬಂದಿರುತ್ತದೆ.

ಒಂದು ಸಂಗತಿ ಹೇಳಲೇಬೇಕು. ಇದೇ ಎಂಜಿನ್ ಭಾರತದ ಸ್ವಿಫ್ಟ್‌ನಲ್ಲಿ ಹೈಬ್ರಿಡ್ ಇಲ್ಲದೆ ಬರುತ್ತದೆ, ಅಲ್ಲಿ ಮ್ಯಾನುಯಲ್‌ಗೆ ಕಂಪನಿ ಲೆಕ್ಕ 24.8. ಇಲ್ಲಿ ಹೈಬ್ರಿಡ್ ಇದ್ದೂ ಅಧಿಕೃತ ಲೆಕ್ಕ 64.2 ಎಮ್‌ಪಿಜಿ (ಗ್ಯಾಲನ್ನಿಗೆ ಮೈಲಿ), ಅಂದರೆ ಲೀಟರಿಗೆ 22.7 ಕಿ.ಮೀ. ಎಂಜಿನ್ ಒಂದೇ, ಟೆಸ್ಟ್ ಬೇರೆ.

ಐದನೇ ಗೇರ್, ಹಾಸನ

ಬಹಳ ಒಳ್ಳೆಯ ಹೋಲಿಕೆ. ಮೇಡಂ ಗಾಡಿಗೆ ಎಆರ್‌ಎಐ (ನಮ್ಮಲ್ಲಿ ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ) ಲೆಕ್ಕ 23.87. ಆ ಟೆಸ್ಟ್ ನಡೆಯುವುದು ರೋಲರ್ ಮೇಲೆ, ಎಸಿ ಆಫ್, ವೇಗ 90 ದಾಟುವುದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಎಸಿ ಹಾಕಿಕೊಂಡು ಹೋಗುವವರು ಅದನ್ನು ನಿರೀಕ್ಷಿಸಬಾರದು. 80ಕ್ಕೆ ಇಳಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಲ್ಲಿ ಉಳಿಸುವುದು ನಿಮ್ಮ ಕಾಲು, ಹೈಬ್ರಿಡ್ ಅಲ್ಲ.

ಹೈಬ್ರಿಡ್ ಉಳಿಸುವುದು ಊರೊಳಗೆ. ಅದರ ಮೋಟರ್ ಒಂದೇ ಗಾಡಿಯನ್ನು ಎಳೆಯಲಾರದು. ಸೈಕಲ್ ಹತ್ತುವ ಮಗುವಿಗೆ ಹಿಂದಿನಿಂದ ಒಂದು ಕೈ ಕೊಟ್ಟ ಹಾಗೆ ಅದರ ಸಹಾಯ. ಆ ಕೈಗೆ ಬಲ ಬರುವುದು ನೀವು ನಿಧಾನ ಮಾಡುವಾಗ. ಅದಕ್ಕೇ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ನ್ಯೂಟ್ರಲ್ ಮಾಡಿ ಉರುಳಿಸಬೇಡಿ. ಗೇರ್‌ನಲ್ಲೇ ಕಾಲು ತೆಗೆಯಿರಿ. ಇಂಜೆಕ್ಟರ್ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತದೆ, ಲಿಥಿಯಂ ಚಾರ್ಜ್ ಆಗುತ್ತದೆ. ಪೂರ್ತಿ ನಿಲ್ಲುವ ಹೊತ್ತಿಗೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಶಿರಾಡಿ ಘಾಟಿ ಇಳಿಯುವಾಗಲೂ ಹಾಗೇ, ಅಲ್ಲಿ ನ್ಯೂಟ್ರಲ್ ಅಪಾಯ ಕೂಡ.

ತುಂಗಾತೀರ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ಲೋಡ್ ಟೆಸ್ಟ್‌ನಲ್ಲಿ ಬ್ಯಾಟರಿ ಫೇಲ್ ಆಯಿತು. ಮ್ಯಾನುಯಲ್ ನೋಡಿ ಅದೇ ಟೈಪ್ ಹಾಕಿಸಿದೆ. ಡ್ಯಾಶ್‌ಕ್ಯಾಮ್ ಈಗ ಕೀಲಿ ಆನ್ ಇದ್ದಾಗ ಮಾತ್ರ ಓಡುತ್ತದೆ. ಮೊದಲು ಐಡಲ್ ಸ್ಟಾಪ್ ಬರಲೇ ಇಲ್ಲ, ಹೇಳಿದ್ದಿರಿ ಅಂತ ಸುಮ್ಮನಿದ್ದೆ. ಈಗ ಹಳೇ ಹಾಗೆ ಸಿಗ್ನಲ್‌ನಲ್ಲಿ ಮೌನ! ಸಿಟಿಯಲ್ಲಿ 14.5 ಬರುತ್ತಿದೆ, ನೀವು ಹೇಳಿದ 14.6ರ ಹತ್ತಿರವೇ. ಹೈವೇ 20ರಲ್ಲೇ ಇದೆ, ಅದರ ಕಾರಣ ಈಗ ಗೊತ್ತು. ಟೈರ್ ಗಾಳಿಯನ್ನೂ ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ಹಿಡಿಸಿದೆ. ಅಂಗಡಿಯವರು ನಾಲ್ಕಕ್ಕೂ ಕಡಿಮೆ ಹಾಕಿದ್ದರು.

ಹೊಸಬ, ದಾವಣಗೆರೆ

ನಾನು ಇದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ. 2022ರ ನಂತರದ್ದು ತಗೊಳ್ಳುವುದು ಒಳ್ಳೆಯದಾ?

ಐದನೇ ಗೇರ್, ಹಾಸನ

2022ರ ಬಲೇನೊದಲ್ಲಿ ಐಡಲ್ ಸ್ಟಾಪ್ ಇದೆ, ಐಎಸ್‌ಜಿ ಮತ್ತು ಲಿಥಿಯಂ ಇಲ್ಲ. ಮ್ಯಾನುಯಲ್‌ಗೆ ಎಆರ್‌ಎಐ 22.35. ಹೆಚ್ಚು ಹೈವೇ ಓಡಾಟ ಇದ್ದರೆ ಅದೇ ಸಾಕು, ನೋಡಿಕೊಳ್ಳುವ ಭಾಗಗಳೂ ಕಡಿಮೆ. ಸಿಟಿ ಜಾಸ್ತಿ ಇದ್ದು ಸ್ಮಾರ್ಟ್ ಹೈಬ್ರಿಡ್ ಒಳ್ಳೆಯ ಬೆಲೆಗೆ ಸಿಕ್ಕರೆ ನಾನಾದರೆ ಅದನ್ನೇ ತಗೊಳ್ಳುತ್ತೇನೆ. ಅದರ ಎರಡನೇ, ಮೂರನೇ ಗೇರಿನ ಎಳೆತ ಅಷ್ಟು ಹಿತವಾಗಿದೆ.

ನೋಡಲು ಹೋದಾಗ ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಎಸಿ ಆಫ್ ಮಾಡಿ, ಐಡಲ್ ಸ್ಟಾಪ್ ಬರುತ್ತದಾ ನೋಡಿ. ಬರದಿದ್ದರೆ ಲೆಡ್ ಆಸಿಡ್ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಆಮೇಲೆ ಮುಂದಿನ ಪ್ಯಾಸೆಂಜರ್ ಸೀಟಿನ ಕೆಳಗೆ ಟಾರ್ಚ್ ಹಾಕಿ. ನೀರು ನಿಂತ ಗುರುತು, ತುಕ್ಕು, ಒದ್ದೆ ಕಾರ್ಪೆಟ್ ಕಂಡರೆ ಆ ಗಾಡಿ ಬಿಟ್ಟು ಬೇರೆ ನೋಡಿ.